ಕ್ಲಚ್ ಕವರ್ ಬೋಲ್ಟ್‌ಗೆ ಗನ್ ಹಿಡಿಯೋಕೆ ಬಿಡಬೇಡಿ

ಬೈಕಿನ ಕ್ಲಚ್ ಪ್ಲೇಟ್ ಬದಲಾಯಿಸೋಕೆ ಕೊಡ್ತಾ ಇದ್ದೀರಾ? ಹಾಗಾದರೆ ಗ್ಯಾರೇಜಿನ ಹುಡುಗನ ಕೈಯಲ್ಲಿ ಏನಿದೆ ಅಂತ ಮೊದಲು ನೋಡಿ. ಗಾಳಿ ಗನ್ (ಗಾಳಿಯ ಒತ್ತಡದಲ್ಲಿ ಬೋಲ್ಟ್ ತಿರುಗಿಸೋ ಮಷಿನ್) ಇದ್ದರೆ, "ತಮ್ಮಾ, ಕ್ಲಚ್ ಮೇಲಿನ ಇಂಜಿನ್ ಕವರ್ ಬೋಲ್ಟ್ ಮಾತ್ರ ಕೈಯಲ್ಲೇ ಟೈಟ್ ಮಾಡಪ್ಪ" ಅಂತ ಹೇಳಿ. ಕೇಳಲಿಲ್ಲ ಅಂದರೆ ಮುಲಾಜಿಲ್ಲದೆ ಗಾಡಿ ವಾಪಸ್ ತಗೊಂಡು ಬನ್ನಿ.

ನಮ್ಮದು ಹಳೇ ಸ್ಪ್ಲೆಂಡರ್. ಕ್ಯಾತ್ಸಂದ್ರದಿಂದ ತುಮಕೂರು ಟೌನಿಗೆ ದಿನಾ ಓಡಾಟ, ಭಾನುವಾರ ಆಗೊಮ್ಮೆ ಈಗೊಮ್ಮೆ ದೇವರಾಯನದುರ್ಗ. ಬೆಟ್ಟ ಹತ್ತುವಾಗ ಇಂಜಿನ್ ಮಾತ್ರ ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಸವೆದಿದೆ ಅಂತ ಗೊತ್ತಾಗೋಕೆ ಇಷ್ಟು ಸಾಕು. ಬಿ.ಎಚ್. ರಸ್ತೆ ಕಡೆಯ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಹೇಳಲ್ಲ, ಕೇಳಬೇಡಿ. ಇದೇ ರೀತಿ ಕೆಲಸ ಮಾಡುವವರು ಎಲ್ಲಾ ಊರಲ್ಲೂ ಇದ್ದಾರೆ.

ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಗಾಡಿ ಓಡಿಸಿಕೊಂಡು ಬಂದು ನಿಲ್ಲಿಸಿದ್ದಷ್ಟೇ, ಇಂಜಿನ್ ಇನ್ನೂ ಮುಟ್ಟೋಕೆ ಆಗದಷ್ಟು ಬಿಸಿ, ಆಗಲೇ ಹುಡುಗ ಗನ್ ಹಿಡಿದು ಟರ್ರ್ ಅಂತ ಒಂದೊಂದೇ ಬೋಲ್ಟ್ ಪೂರ್ತಿ ಬಿಚ್ಚಿ, ಎಲ್ಲವನ್ನೂ ಅರ್ಧ ಕತ್ತರಿಸಿದ ಆಯಿಲ್ ಡಬ್ಬಕ್ಕೆ ಎಸೆದ. ಕವರ್ ಬರಲಿಲ್ಲ. ಸಂದಿಗೆ ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಆಯಿಲ್ ಸೋರದಂತೆ ಕವರಿನ ಅಂಚಿಗೆ ಹಾಕುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಹರಿಯಿತು. ಹೊಸದು ಹಾಕು ಅಂದೆ. "ಅಣ್ಣ, ಪೇಸ್ಟ್ ಹಾಕಿದ್ರೆ ಸಾಕು, ದಿನಾ ಇದೇ ಕೆಲ್ಸ ನಮ್ದು" ಅಂದ. ಪ್ಲೇಟ್ ಹಾಕಿ, ಹರಿದ ಗ್ಯಾಸ್ಕೆಟ್ ಮೇಲೇ ಸಿಲಿಕಾನ್ ಪೇಸ್ಟ್ ಮೆತ್ತಿ, ಡಬ್ಬದಿಂದ ಕೈಗೆ ಸಿಕ್ಕ ಬೋಲ್ಟನ್ನು ಸಿಕ್ಕ ತೂತಿಗೆ ಇಟ್ಟು ಮತ್ತೆ ಗನ್ ಒತ್ತಿದ.

ಕ್ಲಚ್ ಚೆನ್ನಾಗೇ ಆಗಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಸ್ವಲ್ಪ ದಿನಕ್ಕೆ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಸುಟ್ಟ ಎಣ್ಣೆ ವಾಸನೆ ಬರೋಕೆ ಶುರುವಾಯಿತು. ಕವರಿನ ಕೆಳಗಡೆಯಿಂದ ಆಯಿಲ್ ಜಿನುಗಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಹೊಗೆ ಬರುತ್ತಿತ್ತು. ವಾಪಸ್ ಹೋದೆ. ಅವನು ನೋಡಿ, "ಇನ್ನೊಂಚೂರು ಟೈಟ್ ಮಾಡ್ತೀನಿ" ಅಂತ ಗನ್ ತಗೊಂಡ. ಬೇಡ ಅಂತ ನಾನು ಬಾಯಿ ತೆಗೆಯೋದ್ರೊಳಗೆ ಕೆಳಗಿನ ಬೋಲ್ಟ್ ಸುಮ್ನೆ ಸುತ್ತೋಕೆ ಶುರುವಾಯಿತು. ಬೋಲ್ಟ್ ಹಿಡಿದುಕೊಳ್ಳೋ ತೂತಿನೊಳಗಿನ ಸುರುಳಿ ಗೀರು, ಅಂದರೆ ಥ್ರೆಡ್, ಹೋಗಿತ್ತು. ಆಗ ಅವನು ಹೇಳಿದ್ದು: "ಹಳೇ ಗಾಡಿ ಅಲ್ವಾ ಅಣ್ಣ, ಹಿಂಗೇ."

ಹಳೇ ಗಾಡಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಕವರ್ ಬೋಲ್ಟ್‌ಗಳು ಸಾಮಾನ್ಯವಾಗಿ 6 ಎಂಎಂ, ತಲೆಗೆ 8 ನಂಬರ್ ಸ್ಪ್ಯಾನರ್ ಕೂರುತ್ತೆ. ಬೋಲ್ಟ್ ಉಕ್ಕು, ಅದು ಕೂರುವ ಇಂಜಿನ್ ಕೇಸ್ ಅಲ್ಯೂಮಿನಿಯಂ. ಜಗಳ ಆದರೆ ಸೋಲೋದು ಯಾವಾಗಲೂ ಅಲ್ಯೂಮಿನಿಯಮ್ಮೇ. ಇಂಥ ಬೋಲ್ಟ್‌ಗೆ ಹೆಚ್ಚಿನ ಬೈಕುಗಳಲ್ಲಿ ಬೇಕಾಗೋ ತಿರುಗಿಸುವ ಬಲ 10ರಿಂದ 12 ನ್ಯೂಟನ್ ಮೀಟರ್ ಅಷ್ಟೇ. ನಿಮ್ಮ ಗಾಡಿಯ ಸರಿಯಾದ ಅಂಕಿ ಅದರ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. 10 ನ್ಯೂಟನ್ ಮೀಟರ್ ಅಂದರೆ 10 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಹತ್ತು ಕೆಜಿ ಭಾರ ಬಿಟ್ಟಷ್ಟು. ಲಾರಿ, ಕಾರಿನ ವೀಲ್ ನಟ್ ಬಿಚ್ಚುವ ಅರ್ಧ ಇಂಚಿನ ಗಾಳಿ ಗನ್ನಿಗೆ ನೂರಾರು ನ್ಯೂಟನ್ ಮೀಟರ್ ತಾಕತ್ತು. ಒಂದು ಕ್ಷಣ ಒತ್ತಿದರೂ ಮುಗೀತು. ಒಳಗಿನ ದೊಡ್ಡ ನಟ್ ಬಿಚ್ಚೋಕೆ ಗನ್ ಬಳಸಲಿ, ನನ್ನ ತಕರಾರಿಲ್ಲ. ಕವರ್ ಬೋಲ್ಟ್‌ಗೆ ಬೇಡ.

ಆಮೇಲೆ ಅಂತರಸನಹಳ್ಳಿ ಕಡೆ ಲೇಥ್ ಕೆಲಸ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಮೊದಲು ಮಾಡಿದ್ದು ಏನೂ ಇಲ್ಲ, "ಇಂಜಿನ್ ಆರಲಿ ಬಿಡಪ್ಪ" ಅಂತ ಟೀ ಕುಡಿಯೋಕೆ ಹೋದರು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ, ಆಗ ಬೋಲ್ಟ್ ಮೇಲೆ ಎಳೆತ ಜಾಸ್ತಿ ಇರುತ್ತೆ, ಬಿಚ್ಚುವಾಗ ಥ್ರೆಡ್ ಹಿಡಿದು ಕಿತ್ತುಬರೋ ಸಾಧ್ಯತೆಯೂ ಜಾಸ್ತಿ. ಆರಿದ ಮೇಲೆ ಬೋಲ್ಟ್ ಸುತ್ತಲಿನ ಮಣ್ಣು ಬ್ರಷ್‌ನಲ್ಲಿ ತೆಗೆದು, ಟಿ ಸ್ಪ್ಯಾನರ್‌ನಲ್ಲಿ ಎದುರುಬದುರು ಬೋಲ್ಟ್‌ಗಳನ್ನು ಕಾಲು ಕಾಲು ಸುತ್ತು ಸಡಿಲ ಮಾಡುತ್ತಾ ಹೋದರು. ಒಂದು ಬೋಲ್ಟ್ ಹಟ ಹಿಡಿಯಿತು. ಅದಕ್ಕೆ ಪೈಪ್ ಸಿಕ್ಕಿಸಿ ಎಳೆಯಲಿಲ್ಲ. ತಲೆ ಮೇಲೆ ಸುತ್ತಿಗೆಯಲ್ಲಿ ಮೆಲ್ಲಗೆ ಒಂದೆರಡು ಏಟು ಕೊಟ್ಟು, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾದರು. ಬಂತು.

ಥ್ರೆಡ್ ಹೋದ ಬೋಲ್ಟನ್ನು ಹೊರಗೆ ಎಳೆದಾಗ ಅದಕ್ಕೆ ಸಣ್ಣ ಸ್ಪ್ರಿಂಗ್ ಹಾಗೆ ಹೊಳೆಯುವ ತಂತಿ ಸುತ್ತಿಕೊಂಡು ಬಂತು. ಅದು ಇಂಜಿನ್ ಕೇಸಿನ ಥ್ರೆಡ್, ಇಡೀಯಾಗಿ ಕಿತ್ತುಬಂದಿದ್ದು. ಹೊಟ್ಟೆ ಉರಿಯಿತು.

ಬೋಲ್ಟ್‌ಗಳನ್ನೆಲ್ಲ ಸಾಲಾಗಿ ಜೋಡಿಸಿದಾಗ ಇನ್ನೊಂದು ಗೊತ್ತಾಯಿತು. ಅವೆಲ್ಲ ಒಂದೇ ಉದ್ದ ಇರಲ್ಲ. ಗಿಡ್ಡ ಬೋಲ್ಟ್ ಆಳದ ತೂತಿಗೆ ಹೋದರೆ ಒಂದೆರಡು ಸುತ್ತು ಥ್ರೆಡ್ ಮೇಲೇ ಎಲ್ಲಾ ಭಾರ ಬೀಳುತ್ತೆ, ನಮ್ಮದು ಕಿತ್ತುಬಂದಿದ್ದು ಹೀಗೆ. ಉದ್ದದ್ದು ಕಡಿಮೆ ಆಳದ ತೂತಿಗೆ ಹೋದರೆ ತುದಿ ತಳಕ್ಕೆ ತಾಗಿ ನಿಲ್ಲುತ್ತೆ, ಕೈಗೆ ಟೈಟ್ ಅನ್ನಿಸುತ್ತೆ, ಕವರ್ ಮಾತ್ರ ಅದುಮಿರಲ್ಲ. ಇನ್ನೂ ಒತ್ತಿದರೆ ಕೇಸೇ ಬಿರುಕು ಬಿಡಬಹುದು. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ತುಂಬಿಕೊಂಡಿದ್ದರೂ ಅದೇ ಅಪಾಯ, ಅದಕ್ಕೇ ತೂತು ಒರೆಸಿ ಒಣಗಿಸಬೇಕು. ಆ ಹಿರಿಯರು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿ ಇಡುತ್ತಾರೆ. ರಟ್ಟು ಇಲ್ಲದೆ ಕಂಡುಹಿಡಿಯೋಕೂ ಒಂದು ದಾರಿ ಇದೆ. ಬೋಲ್ಟ್‌ಗಳನ್ನು ಸುತ್ತದೆ ಸುಮ್ನೆ ತೂತುಗಳಲ್ಲಿ ನಿಲ್ಲಿಸಿ, ಎಲ್ಲದರ ತಲೆಯೂ ಕವರಿನಿಂದ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಲ್ಲಬೇಕು. ಒಂದು ಮಾತ್ರ ಎದ್ದು ನಿಂತರೆ ಅಥವಾ ತಗ್ಗಿದರೆ ಅದು ಬೇರೆ ಕಡೆಯದು.

ಸ್ಕ್ರೂಡ್ರೈವರ್ ಮೀಟಿದ್ದರ ಗುರುತೂ ಇತ್ತು. ಗ್ಯಾಸ್ಕೆಟ್ ಕೂರುವ ನುಣುಪು ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು. ಆಯಿಲ್ ಮೊದಲು ಜಿನುಗಿದ್ದೇ ಅಲ್ಲಿಂದ. ಅದನ್ನು ಬೋಲ್ಟ್ ಟೈಟ್ ಮಾಡಿ ನಿಲ್ಲಿಸೋಕೆ ಆಗಲ್ಲ. ಅತಿಯಾಗಿ ಟೈಟ್ ಮಾಡಿದರೆ ಬೋಲ್ಟ್ ಹತ್ತಿರ ಕವರ್ ಅದುಮಿ, ಎರಡು ಬೋಲ್ಟ್ ನಡುವೆ ಬಾಗಿ ಸಂದಿ ಇನ್ನೂ ಜಾಸ್ತಿ ಆಗುತ್ತೆ. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಲ್ಲಿ ಅಂಚಿಗೆ ತಟ್ಟಬೇಕು. ಅದಕ್ಕೂ ಬರದಿದ್ದರೆ ಮಣ್ಣಿನಲ್ಲಿ ಮುಚ್ಚಿಹೋದ ಬೋಲ್ಟ್ ಎಲ್ಲೋ ಉಳಿದಿದೆ ಅಂತಲೇ ಲೆಕ್ಕ.

ಕಿತ್ತುಹೋದ ತೂತನ್ನು ಸ್ವಲ್ಪ ದೊಡ್ಡದಾಗಿ ಕೊರೆದು, ಟ್ಯಾಪ್ ಹೊಡೆದು (ಹೊಸ ಥ್ರೆಡ್ ಕೊರೆದು), ಹೆಲಿಕಾಯಿಲ್ ಅಂತ ಉಕ್ಕಿನ ಥ್ರೆಡ್ ಸುರುಳಿ ಕೂರಿಸಿದರು. ಹಳೇ ಅಳತೆಯ ಬೋಲ್ಟೇ ನಡೆಯುತ್ತೆ. ಕೆಲವರು 8 ಎಂಎಂ ಬೋಲ್ಟ್‌ಗೆ ಟ್ಯಾಪ್ ಹೊಡೆದುಕೊಡ್ತೀವಿ ಅಂತಾರೆ. ಬೇಡ. ಸುತ್ತಲಿನ ಗೋಡೆ ತೆಳ್ಳಗಾಗುತ್ತೆ. ಪೇಸ್ಟ್ ತುಂಬಿ ಬೋಲ್ಟ್ ಅಂಟಿಸಿ ಕೊಡುವವರಿಗಂತೂ ಗಾಡಿ ಕೊಡಲೇಬೇಡಿ.

ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿಸಿ, ಅದೇನು ದುಬಾರಿ ಸಾಮಾನಲ್ಲ. ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಸಣ್ಣ ಡವೆಲ್ ಪಿನ್ ಬಿದ್ದುಹೋಗಿಲ್ಲ ಅಂತ ನೋಡಿಕೊಳ್ಳಿ. ಪ್ರತಿ ಬೋಲ್ಟ್ ಬೆರಳಲ್ಲೇ ನಾಲ್ಕೈದು ಸುತ್ತು ಹೋಗಬೇಕು, ಹೋಗದಿದ್ದರೆ ಅಡ್ಡ ಕೂತಿದೆ, ಸ್ಪ್ಯಾನರ್ ಹಾಕದೆ ಬಿಚ್ಚಿ ಮತ್ತೆ ಕೂರಿಸಬೇಕು. ಆಮೇಲೆ ಎದುರುಬದುರಾಗಿ, ಒಂದೇ ಸಲಕ್ಕಲ್ಲ, ಎರಡು ಮೂರು ಸಲಕ್ಕೆ ಸ್ವಲ್ಪ ಸ್ವಲ್ಪವೇ ಟೈಟ್. ಎಷ್ಟು ಬಲಕ್ಕೆ ಟೈಟ್ ಆಯಿತು ಅಂತ ತಿಳಿಸುವ ಸಣ್ಣ ಟಾರ್ಕ್ ವ್ರೆಂಚ್ ಇದ್ದರೆ ಒಳ್ಳೆಯದು, ವೀಲ್ ನಟ್‌ಗೆ ಬಳಸೋ ದೊಡ್ಡದರಲ್ಲಿ 10 ನ್ಯೂಟನ್ ಮೀಟರ್ ಸರಿಯಾಗಿ ಸಿಗಲ್ಲ.

ಆರ್‌ಎಕ್ಸ್ 100 ಬೈಕ್ ಇಟ್ಟುಕೊಂಡಿರೋ ಗೆಳೆಯರಿಗೆ ಒಂದು ಮಾತು. ಅದರ ಕವರಿಗೆ ಪ್ಲಸ್ ಸ್ಕ್ರೂ ಇರುತ್ತೆ, ಜಪಾನಿನ ಜೆಐಎಸ್ ಅಳತೆಯದ್ದು. ಅಂಗಡಿಯಲ್ಲಿ ಸಿಗುವ ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರಲ್ಲ, ಜಾರಿ ತಲೆ ಸವೆಸುತ್ತೆ. ಸರಿಯಾದ ಬಿಟ್ ಹಾಕಿದ, ಸುತ್ತಿಗೆಯಲ್ಲಿ ಹೊಡೆಯುವ ಕೈ ಇಂಪ್ಯಾಕ್ಟ್ ಡ್ರೈವರ್ ಬಿಚ್ಚೋಕೆ ಬಳಸಿ. ಹಾಕೋಕೆ ಅಲ್ಲ.

ಇನ್ನು ಈಗಾಗಲೇ ಎಲ್ಲೋ ಕವರ್ ಬಿಚ್ಚಿಸಿ ಬಂದಿರುವವರು ಕವರಿನ ಕೆಳ ಅಂಚನ್ನು ಬಿಳಿ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಗಾಡಿ ಓಡಿಸಿ ಬಂದು, ಆರಿದ ಮೇಲೆ ಮತ್ತೆ ಒರೆಸಿ ನೋಡಿ. ಬಟ್ಟೆಗೆ ಎಣ್ಣೆ ಹತ್ತಿದರೆ ಆಯಿಲ್ ಲೆವೆಲ್ ದಿನಾ ನೋಡಿಕೊಳ್ಳಿ, ಆಯಿಲ್ ಕಡಿಮೆಯಾಗಿ ಇಂಜಿನ್ ಸೀಜ್ ಆದರೆ ಖರ್ಚು ಎಲ್ಲಿಗೋ ಹೋಗುತ್ತೆ. ಅದೇ ಗ್ಯಾರೇಜಿಗೆ ಹೋಗಿ "ಇನ್ನೊಂಚೂರು ಟೈಟ್ ಮಾಡು" ಅಂತ ಮಾತ್ರ ಹೇಳಬೇಡಿ, ಕವರ್ ಬಿಚ್ಚಿ ನೋಡೋಕೆ ಹೇಳಿ.