ನೀಡಲ್‌ಪಾಯಿಂಟ್ ಕುಶನ್ ಕಿಟ್: ಮೂರು ವರ್ಷ ಬಳಸಿದ ಮೇಲೆ

ದಾವಣಗೆರೆಯ ನಮ್ಮ ಮನೆ ಹಾಲ್‌ನಲ್ಲಿ, ದಿವಾನದ ಮೇಲೆ ಎರಡು ಕುಶನ್ ಇವೆ. ಎರಡೂ ನನ್ನ ಕೈಯಲ್ಲೇ ಆದವು. ಒಂದು, ಆನ್‌ಲೈನ್‌ನಲ್ಲಿ ತರಿಸಿದ ಕಿಟ್‌ನಿಂದ 2022ರಲ್ಲಿ ಮುಗಿಸಿದ್ದು. ಇನ್ನೊಂದು, ಸಾಮಾನೆಲ್ಲ ಬಿಡಿಬಿಡಿಯಾಗಿ ಕೊಂಡು ಮರುವರ್ಷ ಮಾಡಿದ್ದು. ಕಿಟ್‌ನ ಕುಶನ್‌ನಲ್ಲಿ ಬಲಗಡೆ ಮೇಲಿನ ಮೂಲೆ ಸವೆದಿದೆ. ಅಲ್ಲಿ ಕ್ಯಾನ್ವಾಸ್‌ನ ಬಿಳಿ ಎಳೆ ಇಣುಕುತ್ತಿದೆ. ಎರಡನೆಯದಕ್ಕೆ ಏನೂ ಆಗಿಲ್ಲ. ಮಾವ ಬೆಳಿಗ್ಗೆ ಪೇಪರ್ ಓದುವಾಗ ಕೈಗೆ ಸಿಕ್ಕ ಕುಶನ್ ಮೇಲೆ ಮೊಣಕೈ ಊರುತ್ತಾರೆ, ಇವತ್ತು ಇದು, ನಾಳೆ ಅದು. ಹಾಗಾಗಿ ಒಂದನ್ನು ಜಾಸ್ತಿ ಬಳಸಿದ್ದಕ್ಕೆ ಸವೆಯಿತು ಅನ್ನುವ ಹಾಗಿಲ್ಲ.

ಕಿಟ್ ಕೊಳ್ಳುವಾಗ ನಾನು ನೋಡಿದ್ದು ಪೆಟ್ಟಿಗೆ ಮೇಲಿನ ಕೆಂಪು ಗುಲಾಬಿಯ ಚಿತ್ರ. ನೋಡಬೇಕಾಗಿದ್ದು ಒಳಗಿನ ಕಾಗದದಲ್ಲಿ ಯಾವ ಹೊಲಿಗೆ ಹಾಕಲು ಹೇಳಿದ್ದಾರೆ ಅನ್ನುವುದನ್ನು. ಹೊಸದಾಗಿ ಶುರು ಮಾಡುವವರಿಗೆ ಇದೊಂದು ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಐದು ತಿಂಗಳ ಸಂಜೆಗಳೂ ವ್ಯರ್ಥ ಆಗುವುದಿಲ್ಲ.

ನೀಡಲ್‌ಪಾಯಿಂಟ್ ಅಂದರೆ ಏನು ಅಂತ ಕೇಳುವವರಿಗೆ ಸ್ವಲ್ಪ ಹೇಳುತ್ತೇನೆ. ಜರಡಿಯ ಹಾಗೆ ಕಣ್ಣು ಕಣ್ಣು ಇರುವ, ಗಂಜಿ ಹಾಕಿದ ಗಡಸು ಹತ್ತಿ ಕ್ಯಾನ್ವಾಸ್ ಇರುತ್ತದೆ. ಅದರ ಒಂದೊಂದು ಕಣ್ಣನ್ನೂ ಉಣ್ಣೆ ದಾರದಿಂದ ಓರೆ ಹೊಲಿಗೆ ಹಾಕಿ ತುಂಬಬೇಕು. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಚಿತ್ತಾರ ತೆಗೆಯುತ್ತೇವೆ, ಸುತ್ತಲಿನ ಬಟ್ಟೆ ಹಾಗೇ ಕಾಣುತ್ತದೆ. ಇಲ್ಲಿ ಬಟ್ಟೆ ಕಾಣಲೇಬಾರದು. ಪೂರ್ತಿ ಮುಚ್ಚಬೇಕು. ಅದಕ್ಕೇ ಇದು ಕುಶನ್‌ಗೆ, ಕುರ್ಚಿಯ ಸೀಟಿಗೆ ಚೆನ್ನಾಗಿ ಒಗ್ಗುತ್ತದೆ. ಸರಿಯಾಗಿ ಮಾಡಿದರೆ ಕಂಬಳಿಯ ಹಾಗೆ ದಪ್ಪಗೆ, ಗಟ್ಟಿಯಾಗಿ ಬರುತ್ತದೆ.

ನನ್ನ ಕಿಟ್‌ಗೆ 1,650 ರೂಪಾಯಿ ಆಯಿತು. ಚಿತ್ರ ಅಚ್ಚು ಹಾಕಿದ ಕ್ಯಾನ್ವಾಸ್, ಇಂಚಿಗೆ ಹತ್ತು ಕಣ್ಣಿನದು. ಹನ್ನೊಂದು ಬಣ್ಣದ ದಾರ. ಒಂದು ಸೂಜಿ. ಒಂದು ಹಾಳೆಯಲ್ಲಿ ವಿವರ. ಹಿಂದಿನ ಬಟ್ಟೆ, ಝಿಪ್, ಒಳಗಿನ ದಿಂಬು ಯಾವುದೂ ಇಲ್ಲ. ‘ಕುಶನ್ ಕಿಟ್’ ಅಂತ ಹೆಸರಿದ್ದರೂ ಬಹಳ ಕಿಟ್‌ಗಳಲ್ಲಿ ಮುಂಭಾಗ ಮಾತ್ರ ಇರುತ್ತದೆ. ಕೊಳ್ಳುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಿ.

ಸೂಜಿ ಚೆನ್ನಾಗಿತ್ತು. ಮೊನೆ ಮೊಂಡಾಗಿರುವ ಟೇಪ್‌ಸ್ಟ್ರಿ ಸೂಜಿ, 18ನೇ ನಂಬರ್. ಮೊಂಡು ಯಾಕೆ ಅಂದರೆ ಪಕ್ಕದ ದಾರವನ್ನು ಸೀಳಿಕೊಂಡು ಹೋಗಬಾರದು. ಈ ಸೂಜಿಗಳಲ್ಲಿ ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣದು. ಇಂಚಿಗೆ ಹತ್ತು ಕಣ್ಣಿಗೆ 18, ಹದಿಮೂರು ಹದಿನಾಲ್ಕು ಕಣ್ಣಿಗೆ 20, ಹದಿನೆಂಟು ಕಣ್ಣಿನ ಸಣ್ಣ ಕ್ಯಾನ್ವಾಸ್‌ಗೆ 22. ಮೊದಲ ಸಲ ಮಾಡುವವರಿಗೆ ಹತ್ತು ಅಥವಾ ಹನ್ನೆರಡು ಕಣ್ಣಿನದೇ ಸರಿ. ಸಂಜೆ ಟ್ಯೂಬ್‌ಲೈಟ್ ಬೆಳಕಿನಲ್ಲೂ ಕಣ್ಣಿಗೆ ಆಯಾಸ ಆಗುವುದಿಲ್ಲ.

ಚಿತ್ರದ ಅಳತೆ 14 ಇಂಚಿಗೆ 14 ಇಂಚು. ಅಂದರೆ ಒಂದು ಸಾಲಿಗೆ 140 ಹೊಲಿಗೆ, ಅಂಥವು 140 ಸಾಲು. ಒಟ್ಟು 19,600. ಮೊದಲ ದಿನ ಈ ಲೆಕ್ಕ ಹಾಕಿದಾಗ ಸ್ವಲ್ಪ ಹೆದರಿಕೆ ಆಗಿದ್ದು ನಿಜ. ಆದರೆ ರಾತ್ರಿ ಊಟ ಆದ ಮೇಲೆ ಒಂದು ತಾಸು ಕೂತರೆ ಮುನ್ನೂರು ಹೊಲಿಗೆ ಸಲೀಸಾಗಿ ಬೀಳುತ್ತವೆ. ಕೈ ಪಳಗಿದ ಮೇಲೆ ನಾನೂರು ದಾಟಿತು. ದಿನವೂ ಕೂರಲು ಆಗುತ್ತಿರಲಿಲ್ಲ. ಐದು ತಿಂಗಳು ಹಿಡಿಯಿತು.

ಕಿಟ್‌ನ ಹಾಳೆಯಲ್ಲಿ ಹೇಳಿದ್ದು ‘ಹಾಫ್ ಕ್ರಾಸ್’ ಹೊಲಿಗೆ. ಕೆಳಗಿನ ಕಣ್ಣಿನಿಂದ ಮೇಲೆ ಬಂದು, ಓರೆಯಾಗಿ ಪಕ್ಕದ ಮೇಲಿನ ಕಣ್ಣಿಗೆ ಇಳಿದು, ಹಿಂಭಾಗದಲ್ಲಿ ನೆಟ್ಟಗೆ ಕೆಳಗೆ ಹೋಗುವುದು. ಕಲಿಯಲು ಐದು ನಿಮಿಷ ಸಾಕು. ಮುಂದಿನಿಂದ ನೋಡಿದರೆ ಬಹಳ ಅಂದ. ಅರ್ಧ ಕೆಲಸ ಆಗಿತ್ತು. ಒಂದು ಸಂಜೆ ಅತ್ತೆ ಕ್ಯಾನ್ವಾಸ್ ಕೈಗೆ ತಗೊಂಡು ತಿರುವಿ ಹಾಕಿದರು. ಅವರು ನಲವತ್ತು ವರ್ಷ ಕೌದಿ ಹೊಲಿದವರು. ಹೊಲಿಗೆಯ ಹಿಂಭಾಗ ನೋಡದೆ ಮಾತಾಡುವುದಿಲ್ಲ. ಬೆರಳಿನಲ್ಲಿ ಸವರಿ, “ಮುಂದ್ಗಡೆ ಚೆಂದ ಐತಿ. ಹಿಂದ್ಗಡೆ ಬೋಳು ಬೋಳು ಐತಲ್ಲವ್ವ, ಇದು ತಡೀತೈತಾ?” ಅಂದರು.

ನಾನೂ ತಿರುವಿ ನೋಡಿದೆ. ಹಿಂಭಾಗದಲ್ಲಿ ಸಣ್ಣ ಸಣ್ಣ ನೆಟ್ಟನೆಯ ಗೆರೆಗಳು, ನಡುನಡುವೆ ಕ್ಯಾನ್ವಾಸ್. ಮುಂದೆ ಇದ್ದಷ್ಟು ಉಣ್ಣೆ ಹಿಂದೆ ಇರಲೇ ಇಲ್ಲ. ಆಮೇಲೆ ಹುಡುಕಿ ಓದಿ ತಿಳಿದುಕೊಂಡೆ: ಮುಂದೆ ನೋಡಲು ಹೆಚ್ಚು ಕಡಿಮೆ ಒಂದೇ ಥರ ಕಾಣುವ ಮೂರು ಹೊಲಿಗೆ ಇವೆ. ವ್ಯತ್ಯಾಸ ಇರುವುದೆಲ್ಲ ಹಿಂಭಾಗದಲ್ಲಿ. ಹಾಫ್ ಕ್ರಾಸ್‌ಗೆ ದಾರ ಕಡಿಮೆ ಸಾಕು, ಅದಕ್ಕೇ ಕಿಟ್‌ನವರಿಗೆ ಅದು ಹಗುರ. ‘ಕಾಂಟಿನೆಂಟಲ್’ ಹೊಲಿಗೆಯಲ್ಲಿ ಹಿಂದೆಯೂ ಉದ್ದನೆಯ ಓರೆ ದಾರ ಬೀಳುತ್ತದೆ. ದಾರ ಜಾಸ್ತಿ ಬೇಕು, ಬಾಳಿಕೆಯೂ ಜಾಸ್ತಿ. ಮೂರನೆಯದು ‘ಬಾಸ್ಕೆಟ್‌ವೀವ್’. ಓರೆ ಸಾಲಿನಲ್ಲೇ ಹತ್ತುತ್ತ ಇಳಿಯುತ್ತ ಹೋಗುವುದು. ಹಿಂಭಾಗ ಬುಟ್ಟಿ ಹೆಣೆದ ಹಾಗೆ ಅಡ್ಡ-ಉದ್ದ ಸೇರಿಕೊಂಡು ಗಟ್ಟಿ ಪದರ ಆಗುತ್ತದೆ. ಕ್ಯಾನ್ವಾಸ್ ಕೂಡ ಎಲ್ಲಕ್ಕಿಂತ ಕಡಿಮೆ ಸೊಟ್ಟಗಾಗುತ್ತದೆ.

ಉಳಿದ ಅರ್ಧ ಭಾಗಕ್ಕೆ ನಾನು ಕಾಂಟಿನೆಂಟಲ್ ಹಾಕಿದೆ. ನಿರೀಕ್ಷೆ ಮಾಡಿದ ಹಾಗೇ ಕೆನೆ ಬಣ್ಣದ ದಾರ ಮುಗಿದುಹೋಯಿತು. ಮಾರಿದವರಿಗೆ ಮೂರು ಸಲ ಬರೆದೆ. ಬಿಡಿ ಲಡಿ ಮಾರುವುದಿಲ್ಲ, ಇನ್ನೊಂದು ಕಿಟ್ ಕೊಳ್ಳಿ ಅಂದರು. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ದಾರದ ಮೇಲೆ ಬಣ್ಣದ ನಂಬರ್ ಕೂಡ ಹಾಕಿರಲಿಲ್ಲ, ಬೇರೆ ಕಡೆ ಹುಡುಕೋಣ ಅಂದರೆ ಯಾವುದನ್ನು ಕೇಳುವುದು? ಕೊನೆಗೆ ಊರಲ್ಲೇ ಉಲ್ಲನ್ ಅಂಗಡಿಯಲ್ಲಿ ಹೊಂದುವ ಬಣ್ಣ ಹುಡುಕಿ, ಸ್ವೆಟರ್ ಹೆಣೆಯುವ ದಾರದಲ್ಲಿ ಮುಗಿಸಿದೆ. ಹಗಲು ಬೆಳಕಿನಲ್ಲಿ ನೋಡಿದರೆ ಎರಡು ಕೆನೆ ಬಣ್ಣದ ನಡುವಿನ ಗೆರೆ ಗೊತ್ತಾಗುತ್ತದೆ.

ಈಗ ಮೂರು ವರ್ಷದ ಮೇಲೆ ಅದೇ ಗೆರೆ ನನಗೆ ಪಾಠ ಹೇಳುತ್ತಿದೆ. ಒಂದೇ ಕುಶನ್, ಒಂದೇ ಮನೆ. ಗೆರೆಯ ಮೇಲಿನ ಹಾಫ್ ಕ್ರಾಸ್ ಭಾಗದಲ್ಲಿ ಮೂಲೆ ಸವೆದಿದೆ, ಗುಲಾಬಿ ದಳದ ಅಂಚೂ ತೆಳುವಾಗಿದೆ. ಗೆರೆಯ ಕೆಳಗಿನ ಕಾಂಟಿನೆಂಟಲ್ ಭಾಗದಲ್ಲಿ ಸ್ವೆಟರ್ ದಾರ ಉಂಡೆ ಉಂಡೆ ಕಟ್ಟಿದೆ, ನೋಡಲು ಚೆನ್ನಾಗಿಲ್ಲ. ಆದರೆ ಒಂದು ಕಡೆಯೂ ಕ್ಯಾನ್ವಾಸ್ ಕಾಣುತ್ತಿಲ್ಲ.

ಕಿಟ್‌ನ ಇನ್ನೊಂದು ತೊಂದರೆ ಬ್ಲಾಕಿಂಗ್, ಅಂದರೆ ವಾಲಿದ ಕ್ಯಾನ್ವಾಸ್ ಅನ್ನು ಮತ್ತೆ ಚೌಕ ಮಾಡುವ ಕೆಲಸ, ಮಾಡುವಾಗ ಗೊತ್ತಾಯಿತು. ಓರೆ ಹೊಲಿಗೆ ಒಂದೇ ಕಡೆ ಎಳೆಯುವುದರಿಂದ ಚೌಕ ಕ್ಯಾನ್ವಾಸ್ ಶಂಕರಪೋಳಿಯ ಹಾಗೆ ಓರೆಯಾಗುತ್ತದೆ. ಫ್ರೇಮ್ ಇಲ್ಲದೆ ಕೈಯಲ್ಲೇ ಹಿಡಿದು ಹೊಲಿದರೆ ಇನ್ನೂ ಜಾಸ್ತಿ. ನನ್ನದು ಒಂದೂವರೆ ಇಂಚು ವಾಲಿತ್ತು. ಅದನ್ನು ನೀರಿನಲ್ಲಿ ತೇವ ಮಾಡಿ, ಹಲಗೆ ಮೇಲೆ ಎಳೆದು ಚೌಕ ಮಾಡಿ, ಅರ್ಧ ಅರ್ಧ ಇಂಚಿಗೆ ತುಕ್ಕು ಹಿಡಿಯದ ಪಿನ್ ಹೊಡೆದು, ನೆರಳಲ್ಲಿ ಒಣಗಿಸಬೇಕು. ಕ್ಯಾನ್ವಾಸ್‌ನ ಗಂಜಿ ನೀರಿಗೆ ಮೆತ್ತಗಾಗಿ, ಒಣಗಿದಾಗ ಹೊಸ ಆಕಾರದಲ್ಲಿ ಮತ್ತೆ ಗಡಸಾಗುತ್ತದೆ. ಇಷ್ಟೇ ಇದರ ಗುಟ್ಟು. ನಾನು ಪ್ಲೈವುಡ್ ಮೇಲೆ ಸೀಸದ ಕಡ್ಡಿಯಿಂದ ಚೌಕ ಬರೆದು, ಅದಕ್ಕೆ ಸರಿಯಾಗಿ ಎಳೆದು, ಕೊನೆ ಪಿನ್ ಹೊಡೆದು ಎದ್ದೆ. ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಗುಲಾಬಿಯ ಸುತ್ತ ಕೆನೆ ಬಣ್ಣದೊಳಗೆ ತೆಳು ಕೆಂಪು ಹರಡುತ್ತಿತ್ತು. ದಾರ ಬಣ್ಣ ಬಿಟ್ಟಿತ್ತು. ಒಣ ಟವೆಲ್ ಒತ್ತಿ ಒತ್ತಿ ಸಾಕಷ್ಟು ಹೀರಿಸಿದೆ, ಆದರೂ ಎರಡು ಕಡೆ ಕಲೆ ಉಳಿಯಿತು. ಐದು ತಿಂಗಳು ಮಾಡಿದ ಕೆಲಸ, ಅವತ್ತು ಊಟ ಸೇರಲಿಲ್ಲ. ಹೊಲಿಯುವ ಮುಂಚೆ ಪ್ರತಿ ಬಣ್ಣದ ಒಂದು ತುಂಡು ದಾರ ನೆನೆಸಿ, ಬಿಳಿ ಬಟ್ಟೆ ಮೇಲೆ ಒತ್ತಿ ನೋಡಿ. ಹತ್ತು ನಿಮಿಷದ ಕೆಲಸ.

ಎರಡನೆಯ ಕುಶನ್‌ಗೆ ಎಲ್ಲವನ್ನೂ ಬದಲಿಸಿದೆ. ಡಿಎಂಸಿ ಕಂಪನಿಯ ಟೇಪ್‌ಸ್ಟ್ರಿ ಉಣ್ಣೆ ತರಿಸಿದೆ. ಒಂದು ಲಡಿಯಲ್ಲಿ 8 ಮೀಟರ್ ಇರುತ್ತದೆ, ಪ್ರತಿ ಬಣ್ಣಕ್ಕೂ ನಂಬರ್ ಇದೆ, ಕಡಿಮೆ ಬಿದ್ದರೆ ಅದೇ ನಂಬರ್ ಮತ್ತೆ ತರಿಸಬಹುದು. ಬಾಸ್ಕೆಟ್‌ವೀವ್ ಹಾಕಿದರೆ ಹತ್ತು ಕಣ್ಣಿನ ಕ್ಯಾನ್ವಾಸ್‌ನಲ್ಲಿ ಒಂದು ಲಡಿಗೆ ನನ್ನ ಕೈಯಲ್ಲಿ ಸುಮಾರು ಆರು ಚದರ ಇಂಚು ತುಂಬಿತು. 14 ಇಂಚಿನ ಕುಶನ್ ಅಂದರೆ 196 ಚದರ ಇಂಚು. ಪೂರ್ತಿ ಇದರಲ್ಲೇ ಮಾಡಿದರೆ ಮೂವತ್ತಮೂರು ಲಡಿ ಬೇಕು. ಖರ್ಚು ಕೈ ಮೀರುತ್ತದೆ. ಹಾಗಾಗಿ ಹೂವು, ಎಲೆಗೆ ಮಾತ್ರ ಅದನ್ನು ಇಟ್ಟುಕೊಂಡು, ಹಿನ್ನೆಲೆಗೆ ಚಳ್ಳಕೆರೆ ಕಡೆಯಿಂದ ಕಂಬಳಿ ನೇಯುವ ಕರಿ ಉಣ್ಣೆ ನೂಲು ತರಿಸಿದೆ. ಕುರಿಯ ಮೈಮೇಲಿನ ಬಣ್ಣವೇ ಅದು. ಬಣ್ಣ ಹಾಕಿದ್ದಲ್ಲ, ಹಾಗಾಗಿ ಬಿಡುವ ಭಯ ಇಲ್ಲ. ಕೈಯಲ್ಲಿ ನೂತದ್ದು, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ. ಎರಡೆಳೆ ಸೇರಿಸಿ ಹುರಿ ಮಾಡಿಕೊಂಡೆ. ಸಾಮಾನ್ಯವಾಗಿ 18 ಇಂಚಿನ ದಾರ ಕತ್ತರಿಸಿಕೊಳ್ಳುವುದು ರೂಢಿ, ಅದಕ್ಕಿಂತ ಉದ್ದ ಇದ್ದರೆ ಕಣ್ಣಿನೊಳಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಈ ನೂಲಿಗೆ 12 ಇಂಚು ಸಾಕು. ಕೆನ್ನೆ ಒತ್ತಿ ಮಲಗಿದರೆ ಚುಚ್ಚುತ್ತದೆ, ಅದು ನಿಜ. ಒರಗುವ ಕುಶನ್‌ಗೆ ಅಡ್ಡಿಯಿಲ್ಲ. ಗಟ್ಟಿತನದಲ್ಲಿ ಇದಕ್ಕೆ ಸಾಟಿ ಇಲ್ಲ.

ಬಾಸ್ಕೆಟ್‌ವೀವ್ ಕಲಿಯಲು ಎರಡು ಸಂಜೆ ಬೇಕಾಯಿತು. ಸಾದಾ ನೇಯ್ಗೆಯ, ಒಂಟಿ ಎಳೆಗಳ ‘ಮೋನೋ’ ಕ್ಯಾನ್ವಾಸ್ ಅನ್ನು ಹತ್ತಿರದಿಂದ ನೋಡಿ. ಎಳೆಗಳು ಕೂಡುವ ಒಂದು ಕಡೆ ಉದ್ದದ ಎಳೆ ಮೇಲಿರುತ್ತದೆ, ಪಕ್ಕದಲ್ಲೇ ಅಡ್ಡ ಎಳೆ ಮೇಲಿರುತ್ತದೆ. ಓರೆ ಸಾಲಿನಲ್ಲಿ ನೋಡಿದರೆ ಒಂದು ಸಾಲು ಪೂರ್ತಿ ಉದ್ದದ್ದು, ಮುಂದಿನ ಸಾಲು ಪೂರ್ತಿ ಅಡ್ಡದ್ದು. ಉದ್ದದ ಎಳೆ ಮೇಲಿದ್ದರೆ ಇಳಿಯುವ ಸಾಲು. ಅಡ್ಡ ಎಳೆ ಮೇಲಿದ್ದರೆ ಹತ್ತುವ ಸಾಲು. ಇದೊಂದು ಹಿಡಿತಕ್ಕೆ ಸಿಕ್ಕರೆ ಎಲ್ಲಿ ಬಿಟ್ಟು ಎದ್ದರೂ ಮತ್ತೆ ಕೂತಾಗ ದಾರಿ ತಪ್ಪುವುದಿಲ್ಲ. ಎರಡು ಸಾಲು ಒಂದೇ ದಿಕ್ಕಿನಲ್ಲಿ ಹೋದರೆ ಮುಂಭಾಗದಲ್ಲಿ ಸಣ್ಣ ಏಣು ಏಳುತ್ತದೆ. ಬೆರಳಿಗೆ ತಾಗುತ್ತದೆ. ನನ್ನ ಕರಿ ಹಿನ್ನೆಲೆಯಲ್ಲಿ ಅಂಥದ್ದೊಂದು ಇದೆ, ಎಡ ಎಲೆಯ ಕೆಳಗೆ. ಕತ್ತಲೆ ಬಣ್ಣ ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ, ಸುಮ್ನೆ ಬಿಟ್ಟೆ.

ಹೊಸಬರು ಗಮನಿಸಬೇಕಾದದ್ದು ಇನ್ನೂ ಒಂದೆರಡು. ಕ್ಯಾನ್ವಾಸ್ ತಲೆಕೆಳಗೆ ಮಾಡಿ ಹೊಲಿದರೆ ತೊಂದರೆ ಇಲ್ಲ, ಆದರೆ ಅಡ್ಡಕ್ಕೆ ತಿರುಗಿಸಬೇಡಿ. ಹೊಲಿಗೆಯ ಓರೆ ಉಲ್ಟಾ ಆಗುತ್ತದೆ. ಮೇಲ್ಗಡೆ ಅಂತ ಅಂಚಿನಲ್ಲಿ ಬರೆದುಕೊಳ್ಳಿ. ಅಂಚಿಗೆ ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಸೀರೆ ಸೆರಗಿಗೂ ದಾರಕ್ಕೂ ಸಿಕ್ಕಿಕೊಳ್ಳುತ್ತದೆ. ಹಿಂಭಾಗದಲ್ಲಿ ಗಂಟು ಹಾಕಬೇಡಿ. ಗಂಟನ್ನು ಮುಂಭಾಗದಲ್ಲಿ, ಹೊಲಿಗೆ ಬರುವ ದಾರಿಯಲ್ಲಿ ಒಂದು ಇಂಚು ಮುಂದೆ ಬಿಟ್ಟು, ಹೊಲಿಗೆ ಅಲ್ಲಿಗೆ ತಲುಪಿದಾಗ ಕತ್ತರಿಸಿ. ಅಷ್ಟರಲ್ಲಿ ಹಿಂದಿನ ಬಾಲ ಹೊಲಿಗೆಯ ಅಡಿ ಸಿಕ್ಕಿ ಭದ್ರ ಆಗಿರುತ್ತದೆ. ಫ್ರೇಮ್ ಕೊಳ್ಳಲೇಬೇಕು ಅಂತಿಲ್ಲ, ನಮ್ಮ ಬಡಗಿಯ ಹತ್ತಿರ ನಾಲ್ಕು ಪಟ್ಟಿ ಸೇರಿಸಿ ಮಾಡಿಸಿದ್ದು ಇವತ್ತಿಗೂ ನಡೆಯುತ್ತಿದೆ. ಅದರ ಮೇಲೆ ಹೊಲಿದಿದ್ದಕ್ಕೆ ಎರಡನೆಯದು ಕಾಲು ಇಂಚು ಕೂಡ ವಾಲಲಿಲ್ಲ. ಬ್ಲಾಕಿಂಗ್ ಮಾಡಿದ್ದು ಮಾರ್ಚ್‌ನಲ್ಲಿ, ನಮ್ಮೂರ ಬಿಸಿಲಿಗೆ ನೆರಳಲ್ಲೂ ಒಂದೇ ದಿನದಲ್ಲಿ ಒಣಗಿತು. ಮಳೆಗಾಲದಲ್ಲಿ ಮಾಡಿದ ಮೊದಲನೆಯದಕ್ಕೆ ಮೂರು ದಿನ ಬೇಕಾಗಿತ್ತು.

ಕುಶನ್ ಆಗಿ ಹೊಲಿಯುವುದನ್ನು ಟೈಲರ್‌ಗೆ ಕೊಟ್ಟೆ. ಅವರಿಗೆ ಹೇಳಬೇಕಾದ್ದು ಒಂದೇ: ಮಷಿನ್ ಹೊಲಿಗೆ ಉಣ್ಣೆಯ ಕೊನೆ ಸಾಲಿನ ಮೇಲೇ ಬರಲಿ, ಹೊರಗೆ ಹೋದರೆ ಬಿಳಿ ಕ್ಯಾನ್ವಾಸ್ ಅಂಚಿನಲ್ಲಿ ಕಾಣುತ್ತದೆ. ಒಳಗೆ ಹತ್ತಿಯನ್ನೇ ತುಂಬಿಸಿದೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನಲ್ಲಿ ಇದ್ದುಕೊಂಡು ಫೈಬರ್ ತುಂಬಲು ಮನಸ್ಸಾಗಲಿಲ್ಲ. ಒಳ ದಿಂಬು 16 ಇಂಚಿನದು ಹಾಕಿದರೆ 14 ಇಂಚಿನ ಕವರ್ ಮೂಲೆವರೆಗೂ ತುಂಬಿ ನಿಲ್ಲುತ್ತದೆ. ಹತ್ತಿ ಆರು ತಿಂಗಳಿಗೆ ಅಮರುತ್ತದೆ, ಬಿಸಿಲಿಗೆ ಹಾಕಿ ಬಡಿದರೆ ಸರಿ. ಕವರ್ ಅನ್ನು ಮಾತ್ರ ನೀರಿಗೆ ಹಾಕಿಲ್ಲ. ವಾರಕ್ಕೊಮ್ಮೆ ಕೊಡವುತ್ತೇನೆ. ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಟ್ರಂಕಿನಲ್ಲಿ ಒಣ ಬೇವಿನ ಸೊಪ್ಪಿನ ಜೊತೆ ಇಡುತ್ತೇನೆ, ಉಣ್ಣೆಗೆ ನುಸಿ ಬೇಗ ಬೀಳುತ್ತದೆ.

ಕಿಟ್‌ಗೆ ಐದರಲ್ಲಿ ಎರಡು ಕೊಡುತ್ತೇನೆ. ಸೂಜಿಗೆ ಒಂದು, ಕ್ಯಾನ್ವಾಸ್ ಮೇಲಿನ ಅಚ್ಚಿಗೆ ಒಂದು. ಚಿತ್ರದ ಗೆರೆ ಕ್ಯಾನ್ವಾಸ್‌ನ ಕಣ್ಣುಗಳಿಗೆ ಸರಿಯಾಗಿ ಕೂತಿತ್ತು, ಅದು ಎಲ್ಲ ಕಿಟ್‌ನಲ್ಲೂ ಸಿಗುವುದಿಲ್ಲ. ಬಣ್ಣ ಬಿಡದ, ನಂಬರ್ ಇರುವ, ಬಿಡಿಯಾಗಿ ಮತ್ತೆ ಸಿಗುವ ದಾರ ಕೊಟ್ಟು, ಕಾಂಟಿನೆಂಟಲ್‌ಗೆ ಸಾಕಾಗುವಷ್ಟು ಲಡಿ ಹಾಕಿದ್ದರೆ ಕಣ್ಣು ಮುಚ್ಚಿ ನಾಲ್ಕು ಕೊಡುತ್ತಿದ್ದೆ, ಮುನ್ನೂರು ರೂಪಾಯಿ ಜಾಸ್ತಿ ಕೊಟ್ಟಾದರೂ ಕೊಳ್ಳುತ್ತಿದ್ದೆ.

ಸವೆದ ಮೂಲೆಯನ್ನು ಈ ವಾರ ಬಿಚ್ಚಿದ್ದೇನೆ. ಟೈಲರ್ ಹೊಲಿಗೆ ಎರಡು ಇಂಚು ಬಿಡಿಸಿ, ಹಳೆ ದಾರ ಸಣ್ಣ ಕತ್ತರಿಯಲ್ಲಿ ಹಿಂಭಾಗದಿಂದ ತೆಗೆಯುತ್ತಿದ್ದೇನೆ. ಅದೃಷ್ಟಕ್ಕೆ ಕ್ಯಾನ್ವಾಸ್‌ನ ಎಳೆ ಒಂದೂ ತುಂಡಾಗಿಲ್ಲ. ಅಲ್ಲಿ ಕರಿ ಉಣ್ಣೆಯಲ್ಲೇ ಬಾಸ್ಕೆಟ್‌ವೀವ್ ತುಂಬಿ, ಉಳಿದ ಮೂರು ಮೂಲೆಗೂ ಅದೇ ಕರಿ ಬಣ್ಣ ಕೊಟ್ಟರೆ ಮೊದಲಿನಿಂದಲೂ ಹಾಗೇ ಇತ್ತು ಅನ್ನಿಸುತ್ತದೆ ಅಂತ ಅತ್ತೆಯ ಸಲಹೆ. ಎರಡು ಮೂಲೆ ಮುಗಿದಿವೆ. ಚೆನ್ನಾಗಿ ಕಾಣುತ್ತಿದೆ.