ಎಲ್‌ಎಂಜಿ (ಲೈಟ್ ಮೆಷಿನ್ ಗನ್): 5.56 ಹಗುರ, 7.62 ಬಲ
ಪುಣೆಯ ಪಾಷಾಣ್‌ನಲ್ಲಿರುವ ಡಿಆರ್‌ಡಿಒದ ಶಸ್ತ್ರಾಸ್ತ್ರ ಪ್ರಯೋಗಾಲಯ ಎಆರ್‌ಡಿಇ ರೂಪಿಸಿದ ಇನ್ಸಾಸ್ ಎಲ್‌ಎಂಜಿ 5.56 ಮಿ.ಮೀ. ವ್ಯಾಸದ ಗುಂಡಿನದು, 2020ರಲ್ಲಿ ಭಾರತ ಖರೀದಿಗೆ ಸಹಿ ಹಾಕಿದ ಇಸ್ರೇಲಿನ ನೆಗೆವ್ ಎನ್‌ಜಿ-7, 7.62 ಮಿ.ಮೀ.ನದು. ಗನ್ನಿನ ತೂಕವನ್ನಷ್ಟೇ ನೋಡಿ ಆರಿಸಿದರೆ ಲೆಕ್ಕ ತಪ್ಪುತ್ತದೆ. 5.56ರ ಒಂದು ಗುಂಡು ಸುಮಾರು 12 ಗ್ರಾಂ, 7.62ರದ್ದು 24. 600 ಗುಂಡು ಹೊರಬೇಕೆಂದರೆ 7 ಕಿಲೋ ಎಲ್ಲಿ, 14 ಕಿಲೋ ಎಲ್ಲಿ! ಗುಂಡುಗಳನ್ನು ಸಾಲಾಗಿ ಪೋಣಿಸುವ ಬೆಲ್ಟಿನ ಲಿಂಕ್ ತೂಕ ಬೇರೆ. ಆದರೂ ದೂರದ ಗುರಿಗೆ, ಗೋಡೆ-ಮರದ ಮರೆ ಭೇದಿಸಲು 7.62ರದ್ದೇ ಮೇಲುಗೈ.

ಹಿತ್ತಾಳೆ ಕೋಶದ ಬದಲು ಪಾಲಿಮರ್ ಬಳಸಿದರೆ ಗುಂಡು ಹಗುರವಾಗುವುದು ನಿಜ. ಆದರೆ ಕಾದ ಚೇಂಬರ್‌ನಲ್ಲಿ (ಗುಂಡು ಕೂರುವ ಗೂಡಿನಲ್ಲಿ) ಕೂತ ಪಾಲಿಮರ್ ಮೆತ್ತಗಾಗಿ, ಕೋಶವನ್ನು ಹೊರತೆಗೆಯುವ ಕೊಂಡಿ ಎಕ್ಸ್‌ಟ್ರಾಕ್ಟರ್ ಎಳೆಯುವಾಗ ಹರಿದರೆ ಗನ್ ಜಾಮ್. ಓಪನ್ ಬೋಲ್ಟ್ ಗನ್ನಿನಲ್ಲಿ ಟ್ರಿಗರ್ ಒತ್ತುವವರೆಗೆ ಬೋಲ್ಟ್ ಹಿಂದೆಯೇ ನಿಂತಿರುವುದರಿಂದ ಗುಂಡು ಚೇಂಬರ್ ಒಳಗೆ ಬಿಸಿಯಾಗುತ್ತ ಕೂರುವುದಿಲ್ಲ. ಅಲ್ಲಿ ಈ ಕಾಟ ಕಡಿಮೆ. ಬ್ಯಾರಲ್ ತೆಳುಮಾಡಿ ತೂಕ ಇಳಿಸುವ ಉಪಾಯ ಮಾತ್ರ ಬೇಡ: ಬೇಗ ಬಿಸಿಯಾಗುತ್ತದೆ, ಗುರಿ ಚದುರುತ್ತದೆ.