ಹಿತ್ತಿಲ ಮಾವು, ಪೇರಳೆಗೆ ಕಾಪರ್ ಆಕ್ಸಿಕ್ಲೋರೈಡ್ ಪುಡಿ: ಬದಿಯಡ್ಕದಿಂದ ಒಂದು ರಿವ್ಯೂ

ಮನೆ ಹಿಂದೆ ನಾಲ್ಕೈದು ಹಣ್ಣಿನ ಗಿಡ ಇರುವವರಿಗೆ ಶಿಲೀಂಧ್ರ ರೋಗ ತಡೆಯುವ ಈ ತಾಮ್ರದ ಪುಡಿ ಒಳ್ಳೇದೇ, ಧೈರ್ಯದಲ್ಲಿ ಹೇಳ್ತೇನೆ. ಆದ್ರೆ ಯಾವುದಕ್ಕೆ ಆಗ್ತದೆ, ಯಾವುದಕ್ಕೆ ಆಗುದಿಲ್ಲ ಅಂತ ಗೊತ್ತಿದ್ದೇ ತಗೊಳ್ಳಿ. ಅಂಗಡಿಯಲ್ಲಿ ಸಿಒಸಿ ಅಂದ್ರೂ ಕೊಡ್ತಾರೆ, ಪ್ಯಾಕೆಟ್ ಮೇಲೆ 50% ಡಬ್ಲ್ಯೂಪಿ (ನೀರಲ್ಲಿ ಕದಡುವ ಪುಡಿ) ಅಂತ ಇರ್ತದೆ.

ನಮ್ಮಲ್ಲಿ ಮಳೆ ಹಿಡಿದ್ರೆ ಕಸಿ ಮಾವಿನ ಎಳೆ ಎಲೆ ಮೇಲೆ ಕಂದು ಚುಕ್ಕಿ ಶುರು, ಆಮೇಲೆ ಚುಕ್ಕಿ ಚುಕ್ಕಿ ಕೂಡಿ ಅಂಚು ಕರಟಿ ನಡುವೆ ತೂತು ಬೀಳ್ತದೆ. ಇದು ಚಿಬ್ಬು ರೋಗ, ಕೃಷಿ ಭವನದವರು (ಊರಿನ ಸರ್ಕಾರಿ ಕೃಷಿ ಕಚೇರಿ) ಆಂಥ್ರಾಕ್ನೋಸ್ ಅಂತಾರೆ, ಕೊಲೆಟೊಟ್ರೈಕಮ್ ಅನ್ನುವ ಶಿಲೀಂಧ್ರದಿಂದ ಬರುದು. ಎಲೆಯಲ್ಲೇ ನಿಂತ್ರೆ ಬಿಡಬಹುದಿತ್ತು, ಹೂಗೊಂಚಲೂ ಕಪ್ಪಾಗಿ ಉದುರ್ತದೆ, ಮಾವು ಹಣ್ಣಾಗುವಾಗ ಸಿಪ್ಪೆ ಮೇಲೆ ಬರುವ ಕಪ್ಪು ಕಲೆಯೂ ಇದರದ್ದೇ. ಪೇರಳೆಯನ್ನೂ ಬಿಡುದಿಲ್ಲ.

ಅಡಿಕೆ ತೋಟ ಇರುವವರು ಕೇಳ್ತಾರೆ, ಕೊಳೆರೋಗಕ್ಕೆ ಬಿಡುವ ಬೋರ್ಡೋ ಇರುವಾಗ ಇದೆಲ್ಲ ಯಾಕೆ ಅಂತ. 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣದ ಬೋರ್ಡೋ ಮಾವಿಗೂ ಆಗ್ತದೆ, ಮಳೆಗೆ ಈ ಪುಡಿಗಿಂತ ಗಟ್ಟಿ ಹಿಡ್ಕೊಳ್ತದೆ ಕೂಡ. ತೋಟಕ್ಕೆ ಮದ್ದು ಬಿಡುವ ದಿನವೇ ಮಾವಿಗೂ ಬಿಡಿಸಿದ್ರೆ ನೀವು ಬೇರೆ ಏನೂ ತರುದು ಬೇಡ. ತೋಟ ಇಲ್ಲದವರ ಕಷ್ಟ ಬೇರೆ: ಎರಡು ಪಾತ್ರೆಯಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣಕ್ಕೆ ಹೊಯ್ದು, ಕತ್ತಿ ಅದ್ದಿ ಕೆಂಪು ಹಿಡೀತದಾ ನೋಡಿ, ಹಿಡಿದ್ರೆ ಇನ್ನೂ ಸುಣ್ಣ ಹಾಕಿ, ಇಷ್ಟೆಲ್ಲ ಮಾಡಿ ಅದೇ ದಿನ ಮುಗಿಸ್ಬೇಕು, ಹತ್ತು ಲೀಟರಿಗೆ ಯಾರು ಮಾಡ್ತಾರೆ ಹೇಳಿ. ಅಲ್ಲಿ ಈ ಪುಡಿ ನಿಜಕ್ಕೂ ಉಪಕಾರ.

ಅಂಗಡಿಯವ್ರು ಚಂದ ಮಾಡಿ ಹೇಳಿಕೊಟ್ರು, "ಅಕ್ಕ, ಲೀಟರಿಗೆ 3 ಗ್ರಾಂ, ಮೊದ್ಲು ಒಂದು ಚೆಂಬು ನೀರಲ್ಲಿ ಕದಡಿ, ಮತ್ತೆ ಸೋಸಿ ಪಂಪಿಗೆ ಹೊಯ್ಯಿರಿ" ಅಂತ. ಸೋಸ್ಲೇಬೇಕು, ಇಲ್ಲದಿದ್ರೆ ನಾಝಲ್ ಕಟ್ತದೆ. ಪುಡಿ ಅಡಿಯಲ್ಲಿ ಕೂರ್ತದೆ, ಹಾಗಾಗಿ ಪಂಪನ್ನು ಆಗಾಗ ಅಲ್ಲಾಡಿಸ್ಬೇಕು, ನನಗೆ ಇದರಲ್ಲಿ ಹಿಡಿಸದ ವಿಷಯ ಅಂದ್ರೆ ಅದೊಂದೇ. ಮದ್ದಿಗೆ ಬೆರೆಸುವ ಅಂಟು, ಅಂದ್ರೆ ಗಮ್ ಸೇರಿಸಿದ್ರೆ ಎಲೆಗೆ ಸ್ವಲ್ಪ ಹೆಚ್ಚು ದಿನ ನಿಲ್ತದೆ.

ಈಗಾಗ್ಲೇ ಚುಕ್ಕಿ ಬಿದ್ದ ಎಲೆ ಸರಿಯಾಗ್ತದೆ ಅಂತ ಕಾಯ್ಬೇಡಿ, ಆಗುದಿಲ್ಲ. ತಾಮ್ರ ಎಲೆ ಮೇಲೆ ಕೂತು ಹೊಸ ಬೀಜಾಣು ಮೊಳೆಯದ ಹಾಗೆ ತಡೀತದೆ ಅಷ್ಟೇ, ಒಳಗೆ ಹೊಕ್ಕಿದ್ದನ್ನು ತೆಗೆಯುದಿಲ್ಲ. ಹಾಗಾಗಿ ಚಿಗುರು ಬಂದಾಗ, ಎರಡು ದಿನ ಬಿಸಿಲು ಸಿಕ್ಕಿದಾಗ ಬಿಡ್ಬೇಕು, ಅದಕ್ಕೂ ಮೊದ್ಲು ಒಣಗಿದ ಗೆಲ್ಲು ಕಡಿದು, ಬುಡದಲ್ಲಿ ಬಿದ್ದ ಎಲೆ ಗುಡಿಸಿ ಸುಡ್ಬೇಕು, ರೋಗ ಉಳ್ಕೊಳ್ಳುದೇ ಅಲ್ಲಿ. ಗುಡಿಸದೆ ಬರೀ ಮದ್ದು ಬಿಟ್ಟು "ಪುಡಿ ಸರಿ ಇಲ್ಲ" ಅನ್ನುವವರ ಮಾತು ನಾನು ಒಪ್ಪುದಿಲ್ಲ.

ಇನ್ನೊಂದು ಮಾತು. 2000ದ ವರೆಗೆ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಸುರಿದ ಊರು ನಮ್ಮ ಕಾಸರಗೋಡು, ಎಣ್ಮಕಜೆ ಕಡೆಯವರಿಗೆ ಮದ್ದು ಅಂದ್ರೆ ಎದೆ ಧಸಕ್ಕೆನ್ನುದು ಸಹಜ. ಅದು ಕೀಟನಾಶಕ, ಇದು ತಾಮ್ರದ ಶಿಲೀಂಧ್ರನಾಶಕ, ಎರಡೂ ಒಂದಲ್ಲ. ಆದ್ರೂ ಇದೂ ವಿಷವೇ, ಮೀನಿಗಂತೂ ತುಂಬ ಕೆಟ್ಟದ್ದು. ಪಂಪ್ ತೊಳೆದ ನೀರು ಬಾವಿ, ಕೆರೆ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಹತ್ತಿರ ಹೋಗ್ಲೇಬಾರದು, ಮಕ್ಕಳನ್ನು ಒಳಗೆ ಕೂರಿಸಿ, ಗ್ಲೌಸು ಮಾಸ್ಕು ಹಾಕಿ, ಗಾಳಿ ಇರುವಾಗ ಬಿಡ್ಬೇಡಿ. ಹೂ ಪೂರ್ತಿ ಅರಳಿದಾಗಲೂ ಬೇಡ, ನೊಣ ಜೇನು ಬಂದು ಹೋಗುವ ಹೊತ್ತು ಅದು.

ಹೂವಿನ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗೆ ಕಂಡ್ರೆ ಅದು ಬೂದಿ ರೋಗ, ಅದಕ್ಕೆ ಈ ಪುಡಿ ತರ್ಬೇಡಿ, ನೀರಲ್ಲಿ ಕದಡುವ ಗಂಧಕ ಕೇಳಿ, ಅದು ಲೀಟರಿಗೆ 2 ಗ್ರಾಂ. ಗೊತ್ತಾಗದಿದ್ರೆ ನಾಲ್ಕು ಎಲೆ ಕವರಿನಲ್ಲಿ ಹಾಕಿ ಕೃಷಿ ಭವನಕ್ಕೆ ತಗೊಂಡು ಹೋಗಿ ತೋರಿಸಿ, ಅದು ಆದ ಮೇಲೆ ಅಂಗಡಿಗೆ ಹೋಗಿ.